ಪದಚರ್ಚೆ: ಫ್ರಾನ್ಸಿನ ‘ಶಾಟೋ’ಗೆ ಕನ್ನಡದಲ್ಲಿ ಏನನ್ನಲಿ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಫ್ರಾನ್ಸಿನ ಲುವಾರ್ ನದಿ ಬಯಲಿನಲ್ಲಿ, ತೂರ್ ಪಟ್ಟಣದಿಂದ ಆಚೆ ಒಂದು ಹಳ್ಳಿಯಲ್ಲಿ, ಹಳೇ ಶಾಟೋ ಮಾರಾಟಕ್ಕಿದೆ. ಅದರ ಜಾಹೀರಾತನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. (ಕನ್ನಡದಲ್ಲಿ ಓದಿ ಅದನ್ನು ಕೊಳ್ಳೋರು ಯಾರು ಅಂತ ಕೇಳಬೇಡಿ, ನನಗೆ ಪುಟಕ್ಕಿಷ್ಟು ಅಂತ ದುಡ್ಡು.) ಬಿಳೀ ತುಫೋ ಕಲ್ಲಿನ ಗೋಡೆ, ಸ್ಲೇಟು ಹೊದಿಸಿದ ಚೂಪು ಮಾಡು, ಮೂಲೆಯಲ್ಲಿ ದುಂಡು ಗೋಪುರ, ನೀರು ಬತ್ತಿದ ಕಂದಕ, ದ್ರಾಕ್ಷಿ ತೋಟ, ಪಾರಿವಾಳಕ್ಕೆಂದೇ ಕಟ್ಟಿದ ಇನ್ನೊಂದು ಗೋಪುರ. ಸಾಲದ್ದಕ್ಕೆ ಸರ್ಕಾರದ ಸ್ಮಾರಕ ಪಟ್ಟಿಯಲ್ಲೂ ಇದೆ. ಕೋಟೆ ಅಂದರೆ ಚಿತ್ರದುರ್ಗ ಕಣ್ಣಿಗೆ ಬರುತ್ತೆ. ಅರಮನೆ ಅಂದರೆ ಮೈಸೂರು. ಬಂಗಲೆ ಅಂದರೆ ಕಾಫಿ ಎಸ್ಟೇಟು. ತಲೆಬರಹಕ್ಕೆ ಒಂದೇ ಪದ ಬೇಕು. ಹೇಳಿ.

— ಬೆಂಗಳೂರು

ಅರಮನೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ? ‘ಅರಸನ ಮನೆ’ ಅನ್ನೋದು ಆಮೇಲೆ ಅಂಟಿಸಿದ ಅರ್ಥ ಅಂತ ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ತಮಿಳಿನಲ್ಲಿ ಅರಣ್‌ಮನೈ, ಅರಣ್ ಅಂದರೆ ಕಾವಲು, ಕೋಟೆ. ಶಾಟೋ ಹುಟ್ಟಿದ್ದು ಲ್ಯಾಟಿನ್ನಿನ ಕಾಸ್ತೆಲ್ಲುಮ್‌ನಿಂದ, ಅದೂ ಕೋಟೆಯೇ. ಹಳೇ ಫ್ರೆಂಚಿನಲ್ಲಿ ಚಾಸ್ತೆಲ್ ಇತ್ತು, ನಡುವಿನ ಸಕಾರ ಬಿದ್ದುಹೋಯಿತು, ಅದರ ಗುರುತಿಗೆ ಅಕ್ಷರದ ತಲೆ ಮೇಲೆ ಟೋಪಿ ಉಳಿಯಿತು. ಇಂಗ್ಲಿಷಿನ ಕ್ಯಾಸಲ್ ಕೂಡ ಅದೇ ಬೇರಿನದು. ಅಲ್ಲೂ ಕೋಟೆಮನೆ, ಇಲ್ಲೂ ಕೋಟೆಮನೆ. ಸೌಧ, ಪ್ರಾಸಾದ ಅಂತ ಸಂಸ್ಕೃತ ಹೊತ್ತು ತರೋರು ದಯವಿಟ್ಟು ಬೇರೆ ಬಾಗಿಲು ನೋಡಿಕೊಳ್ಳಿ.

— ಶಿವಮೊಗ್ಗ

ಬೇರು ನೋಡಿಕೊಂಡು ಬೋರ್ಡು ಬರೆಯೋಕಾಗಲ್ಲ ಸ್ವಾಮಿ. ಅರಮನೆ ಅಂದ ಕೂಡಲೆ ಓದುವವನಿಗೆ ರಾಜ ಕಾಣ್ತಾನೆ, ಅರಣ್ ಕಾಣಲ್ಲ. ಲುವಾರ್ ಕಡೆಯ ಶಾಟೋಗಳಲ್ಲಿ ರಾಜರು ಕಟ್ಟಿಸಿದ್ದು ಇಲ್ಲ ಅಂತಲ್ಲ, ಶಾಂಬೋರ್ ಇದೆ, 1519ರಲ್ಲಿ ಮೊದಲನೇ ಫ್ರಾನ್ಸ್ವಾ ಶುರು ಮಾಡಿಸಿದ್ದು. ಆದರೆ ಶೆನೋಂಸೋ ಕಟ್ಟಿಸಿದ್ದು ಯಾರು? ತೋಮಾ ಬೋಯಿಯೆ, ರಾಜನ ಹಣಕಾಸು ನೋಡಿಕೊಳ್ಳುತ್ತಿದ್ದವನು. ಅವನು ಸತ್ತ ಮೇಲೆ ಖಜಾನೆಗೆ ಬಾಕಿ ಇತ್ತು ಅಂತ ರಾಜನೇ ಆ ಮನೆ ಕಿತ್ತುಕೊಂಡ. ಅಜೆ-ಲ-ರಿದೋ ಕಟ್ಟಿಸಿದ ಬೆರ್ತೆಲೋ ಕೂಡ ಲೆಕ್ಕಪತ್ರದವನೇ, ಕೊನೆಗೆ ಊರು ಬಿಟ್ಟು ಓಡಿದ. ಪ್ಯಾರಿಸ್ ಹತ್ತಿರದ ವೋ-ಲ-ವಿಕೋಂತ್ ಫೂಕೆಯದು, ಅವನು ಹದಿನಾಲ್ಕನೇ ಲೂಯಿಯ ಹಣಕಾಸಿನ ಮುಖ್ಯಸ್ಥ. 1661ರ ಆಗಸ್ಟಿನಲ್ಲಿ ಅಲ್ಲಿ ರಾಜನಿಗೆ ಭಾರೀ ಔತಣ ಕೊಟ್ಟ, ಸೆಪ್ಟೆಂಬರಿನಲ್ಲಿ ಕೈಗೆ ಬೇಡಿ ಬಿತ್ತು. ಈಗ ಹೇಳಿ, ಇವು ಅರಮನೆಗಳಾ? ಕಂದಾಯ ಎತ್ತುತ್ತಾ ದೊಡ್ಡವರಾದವರ ಮನೆಗಳು. ನಮ್ಮ ಕಡೆ ಅಂಥವರಿಗೆ ದೇಸಾಯರು ಅಂತಾರೆ, ಅವರ ಮನೆಗೆ ವಾಡೆ ಅಂತಾರೆ. ಎತ್ತರದ ಗೋಡೆ, ದೊಡ್ಡ ಬಾಗಿಲೊಳಗೊಂದು ದಿಡ್ಡಿ ಬಾಗಿಲು, ಮೂಲೆಗೆ ಹುಡೇವು ಅನ್ನೋ ಕಾವಲು ಗೋಪುರ, ಒಳಗೆ ಕಾಳು ತುಂಬಿಡೋ ನೆಲಗುಂಡಿ, ಅಂದರೆ ಹಗೇವು. ಸುತ್ತ ಅವರದೇ ಹೊಲ. ಇದಕ್ಕಿಂತ ಹತ್ತಿರದ ಪದ ಸಿಗಲ್ಲ. ವಾಡೆ.

— ಧಾರವಾಡ

ವಾಡೆ ಮರಾಠಿ. ನಮ್ಮಲ್ಲಿ ಬೀಡು ಇದೆ. ಅಚ್ಚಗನ್ನಡ.

— ಮಂಗಳೂರು

ಧಾರವಾಡದ ಕೊನೆಯಲ್ಲಿರೋ ವಾಡವನ್ನೂ ಮರಾಠಿ ಅಂತ ಕಿತ್ತು ಹಾಕ್ತೀರಾ? ವಾಟ ಅನ್ನೋ ಸಂಸ್ಕೃತದಿಂದ ಇಬ್ಬರಿಗೂ ಬಂದಿದೆ. ಬೀಡು ಅಂತ ತಲೆಬರಹ ಕೊಟ್ಟರೆ ಹಾಸನದವರು ಹಳೇಬೀಡು ಮಾರಾಟಕ್ಕಿದೆ ಅಂದುಕೊಳ್ತಾರೆ.

— ಧಾರವಾಡ

ಫ್ರಾನ್ಸಿನ ಲಿಯಾನಿನಲ್ಲಿರೋನು ನಾನು, ಒಂದೆರಡು ಮಾತು. ಮೊದಲನೇದು, ಅದು ಶಾಟೋ ಅಲ್ಲ, ಶಾತೋ. ಫ್ರೆಂಚಿನಲ್ಲಿ ಟಕಾರ ಇಲ್ಲವೇ ಇಲ್ಲ, ಅವರದು ನಮ್ಮ ತಕಾರ. ಇಂಗ್ಲಿಷಿನವರ ಬಾಯಿಂದ ಕೇಳಿ ಎಲ್ಲದಕ್ಕೂ ಟ ಹಾಕೋದು ನಮ್ಮ ಕೆಟ್ಟ ಚಾಳಿ. ಎರಡನೇದು, ಶಾತೋ ಅನ್ನೋದು ತುಂಬಾ ಎಳೆದಾಡಿದ ಪದ. ಸೇನ್ ನದಿ ಮೇಲಿನ ಗುಡ್ಡದ ಶಾತೋ ಗಯಾರ್ 12ನೇ ಶತಮಾನದ ಅಪ್ಪಟ ಕೋಟೆ. ವರ್ಸಾಯ್ ಅಷ್ಟು ದೊಡ್ಡದಿದ್ದರೂ ಶಾತೋನೇ, ಅದು ಶುರುವಾಗಿದ್ದು ಬೇಟೆಗೆ ಹೋದಾಗ ತಂಗೋ ಮನೆಯಾಗಿ. ಬೋರ್ದೋ ಕಡೆ ಬಾಟಲಿ ಮೇಲೆ ಶಾತೋ ಅಂತ ಬರೆದಿದ್ದರೆ ಅದು ದ್ರಾಕ್ಷಿ ತೋಟದ ಹೆಸರು, ಒಳಗೆ ಸಾಧಾರಣ ಹೆಂಚಿನ ಮನೆಯೂ ಇರಬಹುದು. ಒಂದೇ ಕನ್ನಡ ಪದ ಇಷ್ಟನ್ನೂ ಹೊರಲ್ಲ, ಹಾಗೇ ಬಿಡಿ. ಮತ್ತೆ ‘ಸಂರಕ್ಷಿತ ಸ್ಮಾರಕ’ ಅಂತ ಮಾತ್ರ ಬರೀಬೇಡಿ. ನಮ್ಮಲ್ಲಿ ಆ ನೀಲಿ ಬೋರ್ಡು ಕಂಡರೆ ಅದು ಸರ್ಕಾರದ್ದು ಅಂತಲೇ ಜನ ತಿಳಿಯೋದು. ಇಲ್ಲಿ ಪಟ್ಟಿಯಲ್ಲಿದ್ದರೂ ಖಾಸಗಿ ಆಸ್ತಿಯಾಗೇ ಇರಬಹುದು, ಮಾರಬಹುದು. ಆದರೆ ಮೇಲಿನ ದರ್ಜೆಯ ಪಟ್ಟಿಯಲ್ಲಿದ್ದರೆ ಅನುಮತಿ ಇಲ್ಲದೆ ರಿಪೇರಿಗೆ ಕೈ ಹಾಕೋ ಹಾಗಿಲ್ಲ. ಕೊಳ್ಳೋನಿಗೆ ಅದು ಗೊತ್ತಾಗಬೇಕು ಅಲ್ವಾ?

— ಲಿಯಾನ್

ಹಾಗಾದರೆ ಪ್ಯಾರಿಸನ್ನೂ ಪಾರಿ ಅನ್ನಿ, ರೆಸ್ಟೋರೆಂಟನ್ನೂ ರೆಸ್ತೋರಾಂ ಅನ್ನಿ. ಎರವಲು ತಂದ ಮೇಲೆ ನಮ್ಮ ಬಾಯಿಗೆ ಬಂದ ಹಾಗೆ ಉಳಿಯಬೇಕು. ಪೋರ್ಚುಗೀಸರಿಂದ ಬಟಾಟೆ, ಚಾವಿ, ಪಗಾರ ಬಂದಾಗ ಲಿಸ್ಬನ್ನಿಗೆ ಹೋಗಿ ಉಚ್ಚಾರ ತಿದ್ದಿಸಿಕೊಂಡು ಬಂದೆವಾ? ಎರವಲೇ ಬೇಡ ಅನ್ನೋದು ನನ್ನ ವಾದ. ತಂದರೆ ಅರ್ಧಂಬರ್ಧ ಬೇಡ.

— ಶಿವಮೊಗ್ಗ

ಎರವಲೇ ಬೇಡ ಅನ್ನೋರು ಈಗಷ್ಟೇ ಪಗಾರ, ಚಾವಿ ಅಂತ ಸಲೀಸಾಗಿ ಬರೆದರು. ಅರಣ್ ತಂದಿದ್ದು ಕೂಡ ತಮಿಳಿನಿಂದ. ಸಂಸ್ಕೃತ ಮುಟ್ಟಿದರೆ ಮೈಲಿಗೆ, ತಮಿಳು ಮುಟ್ಟಿದರೆ ಮಡಿ. ಇದು ಯಾವ ಸೀಮೆ ನ್ಯಾಯ?

— ಧಾರವಾಡ

ಅರಣ್ ಎರವಲಲ್ಲ, ಮೂಲ ದ್ರಾವಿಡ. ದ್ರಾವಿಡ ಭಾಷೆಗಳ ನಿಘಂಟು ತೆಗೆದು ನೋಡದೆ ಮಾತಾಡೋರ ಜತೆ ನಾನು ವಾದ ಮಾಡಲ್ಲ.

— ಶಿವಮೊಗ್ಗ

ಜಗಳ ಆಮೇಲೆ ಮುಂದುವರಿಸಿ. ತಲೆಬರಹದಲ್ಲಿ ‘ಶಾಟೋ’ ಇಡ್ತೇನೆ. ಶಾತೋ ಸರಿಯಿರಬಹುದು, ಆದರೆ ಗೂಗಲ್ಲಿನಲ್ಲಿ ಹುಡುಕೋರು ಟ ಹಾಕೇ ಹುಡುಕ್ತಾರೆ. ಮೊದಲ ಸಾಲಿನಲ್ಲೇ ‘ತೋಟ, ಹೊಲಗಳ ನಡುವಿನ ಹಳೇ ವಾಡೆ’ ಅಂತ ಬಿಡಿಸಿ ಹೇಳ್ತೇನೆ. ಸ್ಮಾರಕಕ್ಕೆ ‘ಸರ್ಕಾರದ ಸ್ಮಾರಕ ಪಟ್ಟಿಯಲ್ಲಿರುವ ಖಾಸಗಿ ಕಟ್ಟಡ’. ಉದ್ದ ಆಯ್ತು, ಇರಲಿ. ಉಳಿದದ್ದು ಪಾರಿವಾಳದ ಗೋಪುರ. ಗೂಡು ಅಂದರೆ ಮನೆ ತಾರಸಿ ಮೇಲಿನ ಪೆಟ್ಟಿಗೆ ನೆನಪಾಗುತ್ತೆ. ಇದು ಎರಡಾಳೆತ್ತರದ ಕಲ್ಲಿನ ಕಟ್ಟಡ, ಒಳಗೋಡೆ ತುಂಬಾ ಸಾಲು ಸಾಲು ಗೂಡು.

— ಬೆಂಗಳೂರು

ಪಾರಿವಾಳದ ಗೋಪುರ ಅಂತಲೇ ಬಿಡಿ, ಚೆನ್ನಾಗಿದೆ. ಜಾಗ ಇದ್ದರೆ ಒಂದು ಸಾಲು ಸೇರಿಸಿ. ಹಿಂದೆ ಅದನ್ನು ಕಟ್ಟಿಸೋ ಹಕ್ಕು ಜಮೀನ್ದಾರರಿಗೇ ಮೀಸಲು. ಧಣಿಯ ಪಾರಿವಾಳ ಬಂದು ರೈತ ಬಿತ್ತಿದ ಕಾಳು ತಿಂದರೂ ಅವನು ಕಲ್ಲೆಸೆಯೋ ಹಾಗಿರಲಿಲ್ಲ. 1789ರ ಆಗಸ್ಟ್ 4ರ ರಾತ್ರಿ ಜಮೀನ್ದಾರಿ ಹಕ್ಕುಗಳನ್ನು ರದ್ದು ಮಾಡಿದಾಗ ಪಾರಿವಾಳದ ಹಕ್ಕೂ ಹೋಯಿತು. ಮಾರೋರು ಅದನ್ನು ಜಾಹೀರಾತಿನಲ್ಲಿ ತೋರಿಸೋದೇ ಅದಕ್ಕೆ, ಅದಿದ್ದರೆ ಹಳೇ ದೊಡ್ಡ ಮನೆತನ ಅಂತ ಅರ್ಥ.

— ಲಿಯಾನ್

ಉಪಕಾರ ಆಯ್ತು. ಕಳಿಸ್ತಿದ್ದೇನೆ. ಕಂದಕ ಕಂದಕವಾಗೇ ಇರಲಿ.

— ಬೆಂಗಳೂರು

ಕಂದಕ ಪಾರಸಿ. ಅಗಳು ಅನ್ನಿ.

— ಶಿವಮೊಗ್ಗ