ಪ್ರಶ್ನೋತ್ತರ: ಮೊಬೈಲ್ ಕಂಪನಿಗಳ ವಿಲೀನ, ದರ ಏರಿಕೆ ಮತ್ತು ಸ್ಪರ್ಧಾ ಕಾನೂನು

ಸದಸ್ಯರು, ದಾವಣಗೆರೆ: ವಕೀಲರಿಗೆ ನಮಸ್ಕಾರ. 2024ರ ಜೂನ್ 27ರಂದು ಜಿಯೋ ದರ ಏರಿಕೆಯನ್ನು ಪ್ರಕಟಿಸಿತು. ಮರುದಿನವೇ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕೂಡ ಪ್ರಕಟಿಸಿದವು. ಇದು ಒಳಒಪ್ಪಂದವೆಂದು ಸ್ಪರ್ಧಾ ಆಯೋಗಕ್ಕೆ ದೂರು ಕೊಡಬಹುದೇ?

ವಕೀಲರು: ನಮಸ್ಕಾರ. ಈ ಪ್ರಶ್ನೆ ನನ್ನನ್ನೂ ಕಾಡಿದೆ, ಆದ್ದರಿಂದ ವಿವರವಾಗಿಯೇ ಬರೆಯುತ್ತೇನೆ. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಮಿನ ಅಡಿಯಲ್ಲಿ ಒಪ್ಪಂದವೊಂದು ಇತ್ತೆಂದು ತೋರಿಸಬೇಕು. ಒಬ್ಬರು ಬಹಿರಂಗವಾಗಿ ಸಾರಿದ ದರವನ್ನು ನೋಡಿ ಇನ್ನೊಬ್ಬರು ತಮ್ಮ ದರ ಏರಿಸಿದರೆ ಅಷ್ಟಕ್ಕೇ ಒಪ್ಪಂದ ಸಾಬೀತಾಗುವುದಿಲ್ಲ. ಹಲವು ಕಂಪನಿಗಳಿದ್ದಾಗ ದರ ಏರಿಸಿದವರು ಗ್ರಾಹಕರನ್ನು ಕಳೆದುಕೊಳ್ಳುತ್ತಿದ್ದರು. ಖಾಸಗಿಯಲ್ಲಿ ಮೂವರೇ ಉಳಿದರೆ ಪರಸ್ಪರ ಮಾತನಾಡುವ ಅಗತ್ಯವೂ ಬೀಳುವುದಿಲ್ಲ. ಹಾಗೆ ಉಳಿದದ್ದಾದರೂ ಹೇಗೆ? 2018ರಲ್ಲಿ ಟೆಲಿನಾರ್ ಏರ್‌ಟೆಲ್‌ನಲ್ಲಿ ಸೇರಿತು, ಅದೇ ವರ್ಷದ ಆಗಸ್ಟ್‌ನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು, 2019ರಲ್ಲಿ ಟಾಟಾದ ಮೊಬೈಲ್ ಗ್ರಾಹಕರೂ ಏರ್‌ಟೆಲ್‌ಗೆ ಹೋದರು, ಏರ್‌ಸೆಲ್ ಮತ್ತು ರಿಲಯನ್ಸ್ ಕಮ್ಯುನಿಕೇಷನ್ಸ್ ದಿವಾಳಿ ಪ್ರಕ್ರಿಯೆಗೆ ಒಳಗಾದವು. ಒಂದೊಂದು ವಿಲೀನವನ್ನೂ ಬಿಡಿಯಾಗಿ ನೋಡಿ ಒಪ್ಪಲಾಯಿತು. ಎಲ್ಲವೂ ಮುಗಿದ ಮೇಲೆ ಗ್ರಾಹಕನಿಗೆ ಉಳಿಯುವ ಆಯ್ಕೆ ಎಷ್ಟು ಎಂಬುದರ ಹೊಣೆಯನ್ನು ಯಾರೂ ಹೊರಲಿಲ್ಲ. ನನ್ನ ತಕರಾರು ಇದೇ. ಇದರ ಮೇಲೆ, ದೂರಸಂಪರ್ಕದ ತಾಂತ್ರಿಕ ಮತ್ತು ನಿಯಂತ್ರಣದ ಪ್ರಶ್ನೆಗಳನ್ನು ಮೊದಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿರ್ಣಯಿಸಬೇಕು, ಆಯೋಗದ ಸರದಿ ಆನಂತರ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಹೇಳಿದೆ. ಆ ಟ್ರಾಯ್ ಮೊಬೈಲ್ ದರಗಳನ್ನು ಬಹುಪಾಲು ಕಂಪನಿಗಳಿಗೇ ಬಿಟ್ಟುಕೊಟ್ಟಿದೆ.

ಸದಸ್ಯರು, ಹಾಸನ: ₹20 ಇದ್ದರೆ ರೀಚಾರ್ಜ್ ಇಲ್ಲದೆ ನಾಲ್ಕು ತಿಂಗಳು ಮಾತನಾಡಬಹುದು ಎಂಬ ಸಂದೇಶ ಬಂದಿದೆ. ಎಲ್ಲರೂ ಹಂಚಿಕೊಳ್ಳಿ.

ವಕೀಲರು: ದಯವಿಟ್ಟು ಹಂಚಬೇಡಿ. ಅದು 2013ರ ಹಳೆಯ ನಿಯಮ. 90 ದಿನ ಬಳಸದಿದ್ದರೂ ಖಾತೆಯಲ್ಲಿ ₹20 ಇದ್ದರೆ ಅದನ್ನು ಕಡಿತಗೊಳಿಸಿ ಸಂಖ್ಯೆಯನ್ನು ಇನ್ನೂ 30 ದಿನ ಉಳಿಸುತ್ತಾರೆ. ಉಳಿಯುವುದು ಸಂಖ್ಯೆ ಮಾತ್ರ. ಕರೆ ಮಾಡುವ ಹಕ್ಕು ಬರುವುದಿಲ್ಲ. ಇದನ್ನು ನಂಬಿದ ವೃದ್ಧರಿಗೆ ತುರ್ತು ಸಮಯದಲ್ಲಿ ಕರೆ ಹೋಗದಿದ್ದರೆ ಸಂದೇಶ ಹಂಚಿದವರು ಉತ್ತರ ಕೊಡುವರೇ?

ಸದಸ್ಯರು, ತೀರ್ಥಹಳ್ಳಿ: ನಮ್ಮೂರಿನಲ್ಲಿ ಒಂದೇ ಕಂಪನಿಯ ಗೋಪುರವಿದೆ, ಅದೂ ಮಳೆಗಾಲದಲ್ಲಿ ಕೆಲಸ ಮಾಡುವುದಿಲ್ಲ. ಯಾರಿಗೆ ದೂರಬೇಕು?

ವಕೀಲರು: ಮೊದಲು ಕಂಪನಿಗೆ, ಆಮೇಲೆ ಅದರ ಮೇಲ್ಮನವಿ ಪ್ರಾಧಿಕಾರಕ್ಕೆ. ಟ್ರಾಯ್ ವ್ಯಕ್ತಿಗತ ದೂರುಗಳನ್ನು ಇತ್ಯರ್ಥ ಮಾಡುವುದಿಲ್ಲ. ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಇದೆಯೆಂದು 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಸದಸ್ಯರು, ತುಮಕೂರು: ಯಾವ ಕಂಪನಿಗೆ ಪೋರ್ಟ್ ಮಾಡಿಸಿಕೊಳ್ಳಲಿ?

ವಕೀಲರು: ಇದು ಈ ಗುಂಪಿನ ವಿಷಯವಲ್ಲ.

ಸದಸ್ಯರು, ಮೈಸೂರು: ಎಲ್ಲರೂ ದೂರುತ್ತೀರಿ, ಆದರೆ ಜಿಯೋ ಬರುವ ಮುಂಚೆ ಒಂದು ಜಿಬಿಗೆ ಎಷ್ಟು ತೆರುತ್ತಿದ್ದೆವೆಂಬುದು ನೆನಪಿದೆಯೇ?

ಸದಸ್ಯರು, ಧಾರವಾಡ: ತಿಂಗಳುಗಟ್ಟಲೆ ಉಚಿತವಾಗಿ ಕೊಟ್ಟು ಉಳಿದವರನ್ನು ಮುಳುಗಿಸಿದ್ದು ನಿಮಗೆ ನೆನಪಿದೆಯೇ?

ಸದಸ್ಯರು, ಮೈಸೂರು: ಮುಳುಗಿದವರು ತಮ್ಮ ಸಾಲದಿಂದ ಮುಳುಗಿದರು. ಓದಿಕೊಂಡು ಬಂದು ಮಾತನಾಡಿ.

ಸದಸ್ಯರು, ಧಾರವಾಡ: ಓದಿದ್ದೇನೆ. ಕಂಪನಿಯ ಜಾಹೀರಾತನ್ನಲ್ಲ.

ವಕೀಲರು: ಇಬ್ಬರೂ ನಿಲ್ಲಿಸಿ. ಆ ಉಚಿತ ಸೇವೆಯ ವಿರುದ್ಧ ಏರ್‌ಟೆಲ್ ಕೊಟ್ಟ ದೂರನ್ನು ಆಯೋಗ 2017ರಲ್ಲೇ ಕೈಬಿಟ್ಟಿತು. ಹೊಸದಾಗಿ ಬಂದ ಕಂಪನಿಗೆ ಪ್ರಾಬಲ್ಯವಿಲ್ಲ ಎಂಬುದು ಕಾರಣ.

ಸದಸ್ಯರು, ಡಲ್ಲಾಸ್: ಅಮೆರಿಕದಲ್ಲಿ 1984ರಲ್ಲಿ ದೂರವಾಣಿ ಕಂಪನಿ ಎಟಿ ಆ್ಯಂಡ್ ಟಿಯಿಂದ ಏಳು ಪ್ರಾದೇಶಿಕ ಕಂಪನಿಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲೊಂದಾದ ಎಸ್‌ಬಿಸಿ 2005ರಲ್ಲಿ ಎಟಿ ಆ್ಯಂಡ್ ಟಿಯನ್ನೇ ಕೊಂಡು ಅದರ ಹೆಸರನ್ನು ಇಟ್ಟುಕೊಂಡಿತು, ಮರುವರ್ಷ ಆ ಏಳರಲ್ಲಿ ಇನ್ನೊಂದಾದ ಬೆಲ್‌ಸೌತ್ ಅನ್ನೂ ಸೇರಿಸಿಕೊಂಡಿತು. ನಮ್ಮಲ್ಲಿ ಕಂಪನಿಯನ್ನು ಒಡೆಯುವ ಅಧಿಕಾರ ಯಾರಿಗಾದರೂ ಇದೆಯೇ?

ವಕೀಲರು: ಇದೆ. ಪ್ರಬಲ ಸಂಸ್ಥೆಯನ್ನು ವಿಭಜಿಸಲು ಆದೇಶಿಸುವ ಅಧಿಕಾರವನ್ನು ಕಾಯ್ದೆಯ 28ನೇ ಕಲಮು ಆಯೋಗಕ್ಕೆ ಕೊಟ್ಟಿದೆ. ಆದರೆ ಜಿಯೋ ಮತ್ತು ಏರ್‌ಟೆಲ್ ಎಂದು ದೊಡ್ಡವರು ಇಬ್ಬರಿರುವಾಗ ಪ್ರಬಲರು ಯಾರೆಂಬ ವಾದವೇ ವರ್ಷಗಟ್ಟಲೆ ನಡೆಯುತ್ತದೆ. ಒಡೆಯುವುದಕ್ಕಿಂತ ವಿಲೀನದ ಹಂತದಲ್ಲೇ ತಡೆಯುವುದು ಸುಲಭವಾಗಿತ್ತು.

ಸದಸ್ಯರು, ಕಾರವಾರ: ಬಿಎಸ್ಎನ್ಎಲ್ ಈ ಸ್ಪರ್ಧೆಯಲ್ಲಿ ಉಳಿಯುತ್ತದೆಯೇ?

ಸದಸ್ಯರು, ತುಮಕೂರು: ಪೋರ್ಟ್ ಬಗ್ಗೆ ಕೇಳಿದ್ದೆ, ಉತ್ತರ ಬರಲಿಲ್ಲ.

ವಕೀಲರು: ಬಂದಿದೆ, ಮೇಲೆ ನೋಡಿ. ದಾವಣಗೆರೆಯವರೇ, ಡೇಟಾ ಬೇಡದವರಿಗೆ ಕರೆ ಮತ್ತು ಎಸ್ಎಂಎಸ್ ಮಾತ್ರದ ಯೋಜನೆ ಇರಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ದರದ ವಿಷಯದಲ್ಲೂ ಅದು ಮಧ್ಯಪ್ರವೇಶಿಸಬೇಕೆಂದು ನೀವು ಕೊಟ್ಟ ದಿನಾಂಕಗಳ ಸಹಿತ ಟ್ರಾಯ್‌ಗೆ ಲಿಖಿತ ಮನವಿ ಸಲ್ಲಿಸಿ. ಕರಡನ್ನು ನನಗೆ ಕಳುಹಿಸಿದರೆ ನೋಡಿಕೊಡುತ್ತೇನೆ.