ಬೆರಿ ಕ್ಲಬ್ ಸತ್ತಿತ್ತಾ ಇಲ್ವಾ: ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ಜಗಳ ಆಗುವುದು ಸಾಮಾನ್ಯವಾಗಿ ಯಾರು ಯಾರ ಮದುವೆಗೆ ಬರಲಿಲ್ಲ ಅನ್ನುವುದಕ್ಕೆ. 2025ರ ಆಗಸ್ಟ್ 27ರಂದು ಮಾತ್ರ ಇಂಗ್ಲೆಂಡಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್‌ಗಾಗಿ ಆಯಿತು. ದೊಡ್ಡಪ್ಪ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಮ್ಯಾಂಚೆಸ್ಟರ್ ಅಣ್ಣ ಅವರ ಮಗ. ಅಕ್ಕ ಸಿಎ. ಪುಟ್ಟ ಇಂಜಿನಿಯರಿಂಗ್ ಓದುತ್ತಿದ್ದಾನೆ, ಮ್ಯಾಂಚೆಸ್ಟರ್ ಸಿಟಿ ಅಂದರೆ ಪ್ರಾಣ. ನಡುವೆ ಬಂದ ಗುಡ್ ಮಾರ್ನಿಂಗ್ ಹೂಗಳನ್ನು ತೆಗೆದಿದ್ದೇನೆ.

ಮ್ಯಾಂಚೆಸ್ಟರ್ ಅಣ್ಣ: (ಫೋಟೊ) 2019ರಲ್ಲಿ ಇದೇ ದಿನ. ಬೆರಿ ಊರಿನ ಗಿಗ್ ಲೇನ್ ಮೈದಾನ. ಪೊರಕೆ, ಬಕೆಟ್, ಬಟ್ಟೆ ಹಿಡಿದುಕೊಂಡು ಬಂದ ಜನ ಕುರ್ಚಿ ಒರೆಸುತ್ತಿದ್ದಾರೆ ನೋಡಿ. ಕ್ಲಬ್ ಕೊಳ್ಳುವವರು ಸಿಕ್ಕಿದ್ದಾರೆ, ಮುಂದಿನ ಮ್ಯಾಚಿಗೆ ಮೈದಾನ ಸಿದ್ಧ ಮಾಡಬೇಕು ಅಂತ ಬಂದವರು. ಮಧ್ಯಾಹ್ನ ಕೊಳ್ಳುವವರು ಕೈ ಎತ್ತಿದರು. ರಾತ್ರಿ ಇಂಗ್ಲಿಷ್ ಫುಟ್‌ಬಾಲ್ ಲೀಗಿನವರು ಕ್ಲಬ್ಬನ್ನೇ ಹೊರಗೆ ಹಾಕಿದರು. 134 ವರ್ಷದ ಕ್ಲಬ್. ಈಗ ನೋಡಿ, ಮತ್ತೆ ಎದ್ದು ಮೇಲೆ ಬರುತ್ತಿದೆ!

ಚಿಕ್ಕಪ್ಪ: ಮ್ಯಾಂಚೆಸ್ಟರ್‌ನಲ್ಲಿ ಎರಡು ದೊಡ್ಡ ಕ್ಲಬ್ ಇವೆಯಲ್ಲೋ. ನಿನಗೆ ಅದು ಸಾಲದಾ?

ಮ್ಯಾಂಚೆಸ್ಟರ್ ಅಣ್ಣ: ಬೆರಿ ಬೇರೆ ಊರು ಚಿಕ್ಕಪ್ಪ, ಉತ್ತರಕ್ಕಿದೆ. ಹಳೇ ಹತ್ತಿ ಗಿರಣಿಗಳ ಊರು. ಟ್ರಾಮ್ ಹತ್ತಿದರೆ ಆಯ್ತು. ಸಿಟಿ ಟಿಕೆಟ್ ದುಡ್ಡಿನಲ್ಲಿ ಇಲ್ಲಿ ಮನೆಮಂದಿಯೆಲ್ಲ ಮ್ಯಾಚ್ ನೋಡಬಹುದು.

ಪುಟ್ಟ: ಅಣ್ಣಾ, ಅವರು ಏನಾದ್ರೂ ಗೆದ್ದಿದ್ದಾರಾ?

ಮ್ಯಾಂಚೆಸ್ಟರ್ ಅಣ್ಣ: ಎಫ್‌ಎ ಕಪ್, ಅಂದರೆ ಇಂಗ್ಲೆಂಡಿನ ದೊಡ್ಡ ನಾಕೌಟ್ ಟೂರ್ನಿ, ಎರಡು ಸಲ. 1900ರಲ್ಲಿ ಸೌತಾಂಪ್ಟನ್ ಮೇಲೆ 4-0. 1903ರಲ್ಲಿ ಡರ್ಬಿ ಕೌಂಟಿ ಮೇಲೆ 6-0. ಆ ವರ್ಷ ಇಡೀ ಟೂರ್ನಿಯಲ್ಲಿ ಒಂದು ಗೋಲೂ ಬಿಟ್ಟುಕೊಡಲಿಲ್ಲ.

ಪುಟ್ಟ: ಫೈನಲ್‌ನಲ್ಲಿ 6-0 ನಮ್ಮ ಸಿಟಿಯ ರೆಕಾರ್ಡ್ ಅಲ್ವಾ? ವಾಟ್‌ಫರ್ಡ್ ಮೇಲೆ!

ಮ್ಯಾಂಚೆಸ್ಟರ್ ಅಣ್ಣ: 116 ವರ್ಷ ಅದು ಬೆರಿಯವರ ಹತ್ತಿರ ಮಾತ್ರ ಇತ್ತು. 2019ರ ಮೇ ತಿಂಗಳಲ್ಲಿ ನಿಮ್ಮವರು ಸಮ ಮಾಡಿದರು. ಮೂರು ತಿಂಗಳಿಗೆ ಬೆರಿ ಲೀಗಿನಲ್ಲೇ ಇರಲಿಲ್ಲ.

ದೊಡ್ಡಪ್ಪ: ಫೋಟೊ ಚೆನ್ನಾಗಿದೆ. ಆದರೆ "ಮತ್ತೆ ಎದ್ದು" ಅನ್ನಬೇಡ. ಹಳೇ ಕಂಪನಿ ಮುಳುಗಿತು. ಸಾಲ ಕೊಟ್ಟವರು ಮುಳುಗಿದರು. ಈಗ ಇರುವುದು ಬೇರೆ ಸಂಸ್ಥೆ, ಹಳೇ ಬೋರ್ಡ್ ಹಾಕಿಕೊಂಡಿದೆ ಅಷ್ಟೇ. ಬ್ಯಾಂಕಿನಲ್ಲಿ ಇಂಥ ಪಾರ್ಟಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮ್ಯಾಂಚೆಸ್ಟರ್ ಅಣ್ಣ: ಅಪ್ಪ, ಕ್ಲಬ್ ಅಂದರೆ ಕಂಪನಿ ಅಲ್ಲ.

ದೊಡ್ಡಪ್ಪ: ಸಾಲ ತರುವಾಗ ಕಂಪನಿ, ತೀರಿಸುವಾಗ ಅಲ್ಲ. ಅಲ್ವಾ?

(ಇಲ್ಲಿಗೆ ಚಿಕ್ಕಪ್ಪ ಚಪ್ಪಾಳೆ ಇಮೋಜಿ ಹಾಕಿದರು. ಅವರು ಯಾವ ಕಡೆ ಅಂತ ಕೊನೆವರೆಗೂ ಗೊತ್ತಾಗಲಿಲ್ಲ.)

ಅಕ್ಕ: ಸಾಲದ ಕಥೆ ಏನು ಅಣ್ಣ? ಸರಿಯಾಗಿ ಹೇಳು.

ಮ್ಯಾಂಚೆಸ್ಟರ್ ಅಣ್ಣ: 2013ರಲ್ಲಿ ಸ್ಟೂವರ್ಟ್ ಡೇ ಅನ್ನುವ ಬಿಲ್ಡರ್ ಕೈಗೆ ಬಂತು. ಆ ಊರಿನ ಆದಾಯಕ್ಕೆ ತೂಗದ ಸಂಬಳಕ್ಕೆ ಆಟಗಾರರನ್ನು ತಂದ. ಗಿಗ್ ಲೇನ್ ಅಡ ಇಟ್ಟರು. ಆಮೇಲೆ ಮೈದಾನದ ಕಾರ್ ಪಾರ್ಕಿಂಗ್ ಜಾಗಗಳನ್ನು ಒಂದೊಂದಾಗಿ, ಸುಮಾರು 10 ಸಾವಿರ ಪೌಂಡಿಗೆ ಒಂದರಂತೆ, ಹೂಡಿಕೆ ಅಂತ ಹೊರಗಿನವರಿಗೆ ಮಾರಿದರು.

ದೊಡ್ಡಪ್ಪ: ಕಾರು ನಿಲ್ಲಿಸುವ ಗೆರೆ ಮಾರಿದರಾ!

ಮ್ಯಾಂಚೆಸ್ಟರ್ ಅಣ್ಣ: ಹೌದು. ವರ್ಷ ವರ್ಷ ಇಷ್ಟು ಲಾಭ ಕೊಡುತ್ತೇವೆ ಅಂತ ಹೇಳಿ.

ದೊಡ್ಡಪ್ಪ: ಇದು ಬ್ಲೇಡ್ ಚಿಟ್ ಫಂಡ್ ಕಣೋ. ಇದಕ್ಕೆ ನೀನು ಕಣ್ಣೀರು ಹಾಕುತ್ತಿದ್ದೀಯಾ?

ಮ್ಯಾಂಚೆಸ್ಟರ್ ಅಣ್ಣ: ಕೇಳಿ ಅಪ್ಪ, ಇನ್ನೂ ಇದೆ. 2018ರ ಡಿಸೆಂಬರಿನಲ್ಲಿ ಸ್ಟೀವ್ ಡೇಲ್ ಅನ್ನುವವನಿಗೆ ಇಡೀ ಕ್ಲಬ್ 1 ಪೌಂಡಿಗೆ ಹೋಯಿತು. ಆತ ಆಮೇಲೆ ಬಿಬಿಸಿ ರೇಡಿಯೋದಲ್ಲಿ ಬೆರಿಯಲ್ಲಿ ಫುಟ್‌ಬಾಲ್ ಕ್ಲಬ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ ಅಂದ.

ಚಿಕ್ಕಪ್ಪ: ಒಂದು ಪೌಂಡಾ? ಹೇಳಿದ್ದರೆ ನಾನೇ ತಗೋತಿದ್ದೆ. ನೂರು ರೂಪಾಯಿ ಚಿಲ್ಲರೆ.

ದೊಡ್ಡಪ್ಪ: ಒಂದು ಪೌಂಡಿನ ಜೊತೆ ಪೂರ್ತಿ ಸಾಲವೂ ಬರುತ್ತದೆ. ನಿನ್ನ ಪಿಎಫ್ ಸಾಲುತ್ತಿರಲಿಲ್ಲ, ಸುಮ್ನೆ ಇರು.

ಅಕ್ಕ: ಆ ಮನುಷ್ಯನ ಹತ್ತಿರ ಕ್ಲಬ್ ನಡೆಸುವಷ್ಟು ದುಡ್ಡು ಇದೆಯಾ ಅಂತ ಲೀಗಿನವರು ಮೊದಲು ನೋಡಲಿಲ್ವಾ?

ಮ್ಯಾಂಚೆಸ್ಟರ್ ಅಣ್ಣ: ಅದೇ ನನ್ನ ಸಿಟ್ಟು. ವ್ಯಾಪಾರ ಮುಗಿದು ಕೀಲಿ ಕೈಗೆ ಹೋದ ಮೇಲೆ ದುಡ್ಡಿನ ಪುರಾವೆ ಕೇಳಿದರು. ಸರಿಯಾದ ಪುರಾವೆ ಬರಲೇ ಇಲ್ಲ. ಬಾಗಿಲಲ್ಲಿ ತಡೆಯಬೇಕಾದವರು ತಡೆಯದೆ, ಎಂಟು ತಿಂಗಳ ಮೇಲೆ ಊರಿನವರಿಗೆ ಶಿಕ್ಷೆ ಕೊಟ್ಟರು.

ದೊಡ್ಡಪ್ಪ: ತಪಾಸಣೆ ಸರಿ ಮಾಡಲಿಲ್ಲ, ಒಪ್ಪಿದೆ. ಆದರೆ ಹೊರಗೆ ಹಾಕಿದ್ದು ಸರಿಯೇ. ಸಂಬಳ ಕೊಟ್ಟಿದ್ದರಾ?

ಮ್ಯಾಂಚೆಸ್ಟರ್ ಅಣ್ಣ: ಇಲ್ಲ. 2019ರ ಮೊದಲ ತಿಂಗಳುಗಳಿಂದಲೇ ಬಾಕಿ. ಆದರೂ ಹುಡುಗರು ಆಡಿದರು ಅಪ್ಪ. ರಯಾನ್ ಲೋ ಮ್ಯಾನೇಜರ್. ಸಂಬಳ ಇಲ್ಲದೆ ಆಡಿ ಲೀಗ್ ಟೂ ಅನ್ನುವ ನಾಲ್ಕನೇ ಹಂತದಲ್ಲಿ ಎರಡನೇ ಸ್ಥಾನ, ಅದರ ಮೇಲಿನ ಲೀಗ್ ಒನ್‌ಗೆ ಬಡ್ತಿ. ಆ ಬಡ್ತಿಯ ಒಂದು ಮ್ಯಾಚೂ ಆಡಲಿಲ್ಲ.

ನಾನು: ಅಯ್ಯೋ.

ದೊಡ್ಡಪ್ಪ: ಏನು ಅಯ್ಯೋ? ಆ ವರ್ಷ ನಾಲ್ಕನೇ ಸ್ಥಾನದಲ್ಲಿ ಯಾರಿದ್ದರು?

(ಹತ್ತು ನಿಮಿಷ ಸದ್ದಿಲ್ಲ. ಅಣ್ಣ ಹುಡುಕುತ್ತಿದ್ದ ಅಂತ ಕಾಣುತ್ತದೆ.)

ಮ್ಯಾಂಚೆಸ್ಟರ್ ಅಣ್ಣ: ಮ್ಯಾನ್ಸ್‌ಫೀಲ್ಡ್ ಟೌನ್. ಮೂರು ಪಾಯಿಂಟ್ ಕಡಿಮೆ. ಮೊದಲ ಮೂವರಿಗೆ ನೇರ ಬಡ್ತಿ. ಇವರು ಉಳಿದ ಒಂದು ಜಾಗಕ್ಕೆ ನಡೆಯುವ ಪ್ಲೇ ಆಫ್‌ಗೆ ಹೋಗಿ ಸೋತರು.

ದೊಡ್ಡಪ್ಪ: ನೋಡು. ಬೆರಿಯವರು ಕೈಯಲ್ಲಿಲ್ಲದ ದುಡ್ಡಿಗೆ ಕೊಂಡ ಆಟಗಾರರಿಂದ ಮೇಲೆ ಹೋದರು. ಹಿಂದೆ ಇದ್ದವರಿಗೆ ಜಾಗ ತಪ್ಪಿತು. ಮ್ಯಾನ್ಸ್‌ಫೀಲ್ಡ್‌ನವರ ಫೋಟೊ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸಾಲ ಕೊಟ್ಟವರಿಗೆ ಕೊನೆಗೆ ಎಷ್ಟು ಅಂದರು?

ಅಕ್ಕ: ನಾನು ನೋಡಿದೆ ದೊಡ್ಡಪ್ಪ. 2019ರ ಜುಲೈನಲ್ಲಿ ಒಂದು ಒಪ್ಪಂದ ಆಗಿದೆ. ಆಟಗಾರರು, ಬೇರೆ ಕ್ಲಬ್‌ಗಳು, ಇಂಥವರಿಗೆ ಪೂರ್ತಿ ಬಾಕಿ. ಉಳಿದವರಿಗೆ, ತೆರಿಗೆ ಇಲಾಖೆಗೂ ಸೇರಿ, ಪೌಂಡಿಗೆ 25 ಪೆನ್ಸ್. ಅದೂ ಕಾಗದದ ಮೇಲೆ. ದಂಡವಾಗಿ ಮುಂದಿನ ಸೀಸನ್‌ಗೆ 12 ಪಾಯಿಂಟ್ ಕಡಿತ.

ದೊಡ್ಡಪ್ಪ: ನಾಲ್ಕಾಣೆ! ತೆರಿಗೆಗೆ ನಾಲ್ಕಾಣೆ, ಸ್ಟ್ರೈಕರ್‌ಗೆ ಹದಿನಾರಾಣೆ. ಆಟದ ಬಟ್ಟೆ ಒಗೆದುಕೊಟ್ಟವನಿಗೂ ನಾಲ್ಕಾಣೆ. ಅವನದ್ದು ಯಾವ ಊರು? ಅದೇ ಬೆರಿ ತಾನೇ?

(ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ದೊಡ್ಡಪ್ಪ ಹೇಳಿದ್ದರಲ್ಲಿ ನನಗೆ ತುಂಬಾ ಸರಿ ಅನ್ನಿಸಿದ್ದು ಇದೇ ಮಾತು.)

ಮ್ಯಾಂಚೆಸ್ಟರ್ ಅಣ್ಣ: ಸರಿ. ಆದರೆ ಅದೇ ವಾರ ಪಕ್ಕದ ಊರು ಬೋಲ್ಟನ್ನಿಗೂ ಇದೇ ಗತಿ ಇತ್ತು. ಅವರಿಗೆ ಇನ್ನಷ್ಟು ದಿನ ವಾಯಿದೆ ಸಿಕ್ಕಿತು, ಮಾರನೇ ದಿನ ಕೊಳ್ಳುವವರು ಬಂದು ಉಳಿದರು. ಬೆರಿಗೆ ಸಿಗಲಿಲ್ಲ. ಹಿಂದಿನ ಡೈರೆಕ್ಟರ್ ಒಬ್ಬರು, ವಯಸ್ಸಾದ ಹೆಂಗಸು, ಮೈದಾನದ ಮಳೆನೀರಿನ ಪೈಪಿಗೆ ತಮ್ಮ ಕೈಗೆ ಬೇಡಿ ಹಾಕಿಕೊಂಡು ನಿಂತಿದ್ದರು. ಯಾವ ಕಂಪನಿಗೆ ಯಾರು ಹಾಗೆ ನಿಲ್ಲುತ್ತಾರೆ ಹೇಳಿ?

ದೊಡ್ಡಮ್ಮ: ಪಾಪ. ಊಟ ಮಾಡಿದ್ದರಾ ಅವರು?

ಚಿಕ್ಕಪ್ಪ: ಅತ್ತಿಗೆ 😄

ದೊಡ್ಡಪ್ಪ: ಭಾವನೆ ಬೇರೆ, ಲೆಕ್ಕ ಬೇರೆ. ಸತ್ತ ಕ್ಲಬ್ ಸತ್ತಿದ್ದೇ.

ಮ್ಯಾಂಚೆಸ್ಟರ್ ಅಣ್ಣ: ಹಾಗಾದರೆ ಆಕ್ರಿಂಗ್ಟನ್ ಸ್ಟ್ಯಾನ್ಲಿ ಅನ್ನುವ ಕ್ಲಬ್ಬಿನ ಕಥೆ ಕೇಳಿ. ಬೆರಿಯಿಂದ ಸ್ವಲ್ಪ ಉತ್ತರಕ್ಕೆ. 1962ರಲ್ಲಿ ಸಾಲದಿಂದ ಸೀಸನ್ ನಡುವೆ ಲೀಗಿಗೆ ರಾಜೀನಾಮೆ ಕೊಟ್ಟರು. ಪತ್ರ ವಾಪಸ್ ತಗೋತೀವಿ ಅಂದರೂ ಲೀಗ್ ಒಪ್ಪಲಿಲ್ಲ. ಆ ಜಾಗಕ್ಕೆ ಆಕ್ಸ್‌ಫರ್ಡ್ ಯುನೈಟೆಡ್ ಬಂತು. ಸ್ಟ್ಯಾನ್ಲಿ ನಾಲ್ಕು ವರ್ಷದಲ್ಲಿ ಪೂರ್ತಿ ಮುಚ್ಚಿತು. 1968ರಲ್ಲಿ ಊರಿನವರು ಅದೇ ಹೆಸರಿನಲ್ಲಿ ಹೊಸದು ಕಟ್ಟಿದರು. 2006ರಲ್ಲಿ ಲೀಗಿಗೆ ವಾಪಸ್. ಅದೇ ವರ್ಷ ಲೀಗಿನಿಂದ ಕೆಳಗೆ ಬಿದ್ದ ಕ್ಲಬ್‌ಗಳಲ್ಲಿ ಒಂದು ಯಾವುದು ಗೊತ್ತಾ? ಆಕ್ಸ್‌ಫರ್ಡ್.

ಪುಟ್ಟ: 🔥🔥🔥

ಚಿಕ್ಕಪ್ಪ: ಇದಕ್ಕೇ ಕರ್ಮ ಅನ್ನುವುದು.

ದೊಡ್ಡಪ್ಪ: ಕರ್ಮ ಅಲ್ಲ, 44 ವರ್ಷ. ಅದೂ ಹೊಸ ಕ್ಲಬ್ ಅಂತ ನೀನೇ ಹೇಳಿದೆ.

ಅಕ್ಕ: ಅಣ್ಣ, ಬೆರಿಯ ಜನ ಏನಂತಾರೆ? ಅವರಿಗೇ ಇದು ಹಳೆಯದು ಅನ್ನಿಸುತ್ತಾ?

ಮ್ಯಾಂಚೆಸ್ಟರ್ ಅಣ್ಣ: ಅಲ್ಲೇ ಇರುವುದು ಮಜಾ. ನಾವಿಲ್ಲಿ ಹೊಡೆದಾಡುತ್ತಿರುವ ವಿಷಯಕ್ಕೇ ಅವರು ಮೂರು ವರ್ಷ ಹೊಡೆದಾಡಿದರು. 2019ರ ಕೊನೆಗೆ ಒಂದಷ್ಟು ಜನ ಬೆರಿ ಎಎಫ್‌ಸಿ ಅಂತ ಹೊಸ ಕ್ಲಬ್ ಕಟ್ಟಿದರು. ಹತ್ತನೇ ಹಂತದಿಂದ ಶುರು, ಪಕ್ಕದ ರ್‍ಯಾಡ್‌ಕ್ಲಿಫ್‌ನ ಮೈದಾನದಲ್ಲಿ ಆಟ. ಇನ್ನೊಂದಷ್ಟು ಜನ ಅದು ನಮ್ಮ ಕ್ಲಬ್ಬೇ ಅಲ್ಲ, ಗಿಗ್ ಲೇನ್ ಇಲ್ಲದೆ ಬೆರಿ ಇಲ್ಲ ಅಂದರು. ಅವರು ಮೈದಾನ ಉಳಿಸಲು ನಿಂತರು. 2022ರಲ್ಲಿ ಸರ್ಕಾರದ 10 ಲಕ್ಷ ಪೌಂಡ್ ನೆರವು, ಅಭಿಮಾನಿಗಳ ದುಡ್ಡು ಸೇರಿಸಿ ಮೈದಾನ ಕೊಂಡರು. ಕಳೆದುಹೋದ ಹೆಸರೂ ಅದರ ಜೊತೆ ಬಂತು. ಆಗಿನ ಸ್ಥಿತಿ ನೋಡಿ: ಎಎಫ್‌ಸಿಯವರ ಹತ್ತಿರ ತಂಡ ಇದೆ, ಮೈದಾನ ಇಲ್ಲ. ಅವರ ಹತ್ತಿರ ಮೈದಾನ ಇದೆ, ತಂಡ ಇಲ್ಲ.

ನಾನು: ಒಂದಾದರೆ ಮುಗೀತಲ್ಲ?

ಮ್ಯಾಂಚೆಸ್ಟರ್ ಅಣ್ಣ: 2022ರ ಅಕ್ಟೋಬರಿನಲ್ಲಿ ಮತ ಹಾಕಿದರು. ಎರಡೂ ಕಡೆ ಮೂರನೇ ಎರಡರಷ್ಟು ಮತ ಬೇಕಿತ್ತು. ತಂಡದ ಕಡೆಯವರು ಹೆಚ್ಚುಕಡಿಮೆ ಎಲ್ಲರೂ ಹೂಂ ಅಂದರು. ಮೈದಾನದ ಕಡೆ ಕೂದಲೆಳೆಯಷ್ಟರಲ್ಲಿ ತಪ್ಪಿತು. ಮ್ಯಾಚಿನಲ್ಲಿ ನನ್ನ ಪಕ್ಕ ಕೂರುವ ಅಜ್ಜ ಆಗ ಬೇಡ ಅಂತ ಮತ ಹಾಕಿದವರು. ಅವರ ಅಣ್ಣ ಬೇಕು ಅಂತ ಹಾಕಿದವರು. ಈಗಲೂ ಇಬ್ಬರೂ ಬೇರೆ ಬೇರೆ ಸ್ಟ್ಯಾಂಡಿನಲ್ಲಿ ಕೂರುತ್ತಾರೆ. ಹಾಫ್ ಟೈಮಿನಲ್ಲಿ ಮಾತ್ರ ಟೀಗೆ ಸೇರುತ್ತಾರೆ.

ಚಿಕ್ಕಪ್ಪ: ನಮ್ಮನೆ ಥರಾನೇ.

ದೊಡ್ಡಪ್ಪ: ನಾವು ಯಾವಾಗ ಬೇರೆ ಕೂತಿದ್ದೀವಿ?

ಚಿಕ್ಕಪ್ಪ: ಗೃಹಪ್ರವೇಶದಲ್ಲಿ.

(ಇಲ್ಲಿ ಮೂರು ಮೆಸೇಜ್ ಡಿಲೀಟ್ ಆಗಿವೆ.)

ಅಕ್ಕ: ಆಮೇಲೆ ಏನಾಯ್ತು ಅಣ್ಣ? ವಿಷಯಕ್ಕೆ ಬನ್ನಿ ಎಲ್ಲರೂ.

ಮ್ಯಾಂಚೆಸ್ಟರ್ ಅಣ್ಣ: 2023ರಲ್ಲಿ ಮತ್ತೆ ಮತ ಹಾಕಿದರು, ಪಾಸಾಯಿತು. ಆ ಸೀಸನ್ನಿನಿಂದ ಬೆರಿ ಎಫ್‌ಸಿ ಅನ್ನುವ ಹಳೇ ಹೆಸರಿನಲ್ಲಿ ಗಿಗ್ ಲೇನ್‌ನಲ್ಲೇ ಆಟ. ಒಂಬತ್ತನೇ ಹಂತದ ಮ್ಯಾಚಿಗೆ ಮೂರು ಸಾವಿರಕ್ಕೂ ಜಾಸ್ತಿ ಜನ. ಎದುರಾಳಿ ತಂಡಗಳು ತಮ್ಮೂರಿನಲ್ಲಿ ಕೆಲವು ನೂರು ಜನರ ಮುಂದೆ ಆಡುವವು. ಇಲ್ಲಿಗೆ ಬಂದಾಗ ಅವರ ಆಟಗಾರರೇ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿರುತ್ತಾರೆ. 2025ರ ಏಪ್ರಿಲ್‌ನಲ್ಲಿ ಲೀಗ್ ಗೆದ್ದು ಎಂಟನೇ ಹಂತಕ್ಕೆ ಬಂದರು.

ಪುಟ್ಟ: ಇನ್ನು ನಾಲ್ಕು ಹಂತ ಹತ್ತಿದರೆ ಹಳೇ ಲೀಗ್!

ಅಕ್ಕ: ದೊಡ್ಡಪ್ಪ, ನಿಮ್ಮ ಮಾತಿಗೂ ಬೆಲೆ ಬಂದಿದೆ. ಬೆರಿ ಮುಳುಗಿದ ಮೇಲೆ ಟ್ರೇಸಿ ಕ್ರೌಚ್ ಅನ್ನುವ ಸಂಸದೆಯ ನೇತೃತ್ವದಲ್ಲಿ ಪರಿಶೀಲನೆ ನಡೆದು 2021ರಲ್ಲಿ ವರದಿ ಬಂತು. ಈ ಜುಲೈನಲ್ಲಿ ಕಾನೂನೇ ಆಗಿದೆ. ಕ್ಲಬ್‌ಗಳ ಮೇಲೆ ಕಣ್ಣಿಡಲು ಬೇರೆಯೇ ಒಂದು ನಿಯಂತ್ರಕ ಸಂಸ್ಥೆ. ಮಾಲೀಕನಾಗುವವನ ದುಡ್ಡು ಎಲ್ಲಿಂದ ಬಂತು ಅಂತ ಮೊದಲೇ ನೋಡಬೇಕು.

ದೊಡ್ಡಪ್ಪ: ಎಲ್ಲಾ ಆದ ಮೇಲೆ ಆರ್‌ಬಿಐ ತರುತ್ತಾರೆ. ಸರಿ, ಲೇಟಾದರೂ ಒಳ್ಳೇದು.

ಮ್ಯಾಂಚೆಸ್ಟರ್ ಅಣ್ಣ: ಅಪ್ಪ, ಈಗ ಕ್ಲಬ್ ಅಭಿಮಾನಿಗಳ ಸೊಸೈಟಿಯ ಕೈಯಲ್ಲಿದೆ. ಒಬ್ಬ ಸದಸ್ಯನಿಗೆ ಒಂದು ಮತ. ನಾನೂ ಸದಸ್ಯ ಆಗಿದ್ದೇನೆ.

ದೊಡ್ಡಮ್ಮ: ಅಲ್ಲಿ ಏನು ತಿನ್ನಲು ಸಿಗುತ್ತೆ ಮಗಾ?

ಮ್ಯಾಂಚೆಸ್ಟರ್ ಅಣ್ಣ: ಚಿಪ್ಸ್ ಅಮ್ಮ. ಬೆರಿಯ ಬ್ಲಾಕ್ ಪುಡ್ಡಿಂಗ್ ಹೆಸರುವಾಸಿ, ಅದರ ವಿಷಯ ನೀವು ಕೇಳಬೇಡಿ. (ಅದು ಹಂದಿ ರಕ್ತದಿಂದ ಮಾಡುವ ತಿನಿಸು.)

ದೊಡ್ಡಪ್ಪ: ತಿಂಡಿ ಆಮೇಲೆ. ಸದಸ್ಯ ಆಗಿದ್ದೀಯಾ, ಮತ ಇದೆ ಅಂತೀಯ. ಆ ಸೊಸೈಟಿಯ ಹೋದ ವರ್ಷದ ಬ್ಯಾಲೆನ್ಸ್ ಶೀಟ್ ಕಳಿಸು. ಮೈದಾನದ ಮೇಲೆ ಈಗ ಯಾರದ್ದಾದರೂ ಅಡಮಾನ ಇದೆಯಾ, ಪತ್ರ ಯಾರ ಹೆಸರಿನಲ್ಲಿದೆ, ನೋಡಬೇಕು.

ಮ್ಯಾಂಚೆಸ್ಟರ್ ಅಣ್ಣ: ಅಪ್ಪ, ಅದು ಸತ್ತ ಕ್ಲಬ್ ಅಂದಿರಿ?

ದೊಡ್ಡಪ್ಪ: ಪಿಡಿಎಫ್ ಕಳಿಸು. ಫೋಟೊ ತೆಗೆದು ಕಳಿಸಬೇಡ, ಅಕ್ಷರ ಕಾಣುವುದಿಲ್ಲ.