ಸೇಡಂ ಕಡೆಯ ಶಾಲೆಗೆ ಗ್ಯಾಂಡೊ ಮಾದರಿಯ ಎರಡು ಚಾವಣಿ ಒಗ್ಗುತ್ತದಾ?

ಮೂಲೆಮಟ್ಟ: ಕಲಬುರಗಿ ಜಿಲ್ಲೆಯ ಸೇಡಂ ಹತ್ತಿರ ಒಂದೇ ಅಂತಸ್ತಿನ ಶಾಲೆ, ಆರು ಕೊಠಡಿ. ಕೊಠಡಿ 8×6 ಮೀ., ತಲಾ 40 ಮಕ್ಕಳು. ಎರೆ ಭೂಮಿ, ರಸ್ತೆ ಪಶ್ಚಿಮಕ್ಕೆ. ಆಡಳಿತ ಮಂಡಳಿಯವರಿಗೆ ಬುರ್ಕಿನಾ ಫಾಸೊದ ಗ್ಯಾಂಡೊ ಶಾಲೆಯ ಫೋಟೊ ಹಿಡಿಸಿಬಿಟ್ಟಿದೆ: ಮಣ್ಣಿನ ಇಟ್ಟಿಗೆ ಗೋಡೆ, ಮೇಲೆ ಎತ್ತಿ ನಿಲ್ಲಿಸಿದ ತಗಡು. ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಎ.ಸಿ. ಇಲ್ಲದೆ ಪಾಠ ನಡೆಯಬೇಕು. ಅದನ್ನೇ ಕಟ್ಟಬಹುದಾ, ಏನೇನು ಬದಲಿಸಬೇಕು?

ಗಾಳಿಕಿಂಡಿ: ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ 2001ರಲ್ಲಿ ಮುಗಿಸಿದ ಕಟ್ಟಡ ಅದು, 2004ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. ಬಿಸಿಲನ್ನೆಲ್ಲ ಮೇಲಿನ ತಗಡು ಹೊರುತ್ತದೆ. ಕೊಠಡಿಯ ಬಿಸಿಗಾಳಿ ಇಟ್ಟಿಗೆ ಚಾವಣಿಯ ಸಂದುಗಳಿಂದ ಮೇಲೇರಿ, ನಡುವಿನ ತೆರಪಿನಲ್ಲಿ ಬೀಸುವ ಗಾಳಿಯ ಜೊತೆ ಹೋಗುತ್ತದೆ.

ನಿಮ್ಮಲ್ಲಿ ಆ ಸಂದು ಬೇಡ. ಜೋರು ಮಳೆ ತಗಡಿಗೆ ಬಡಿದರೆ ಸಂದಿನ ಚಾವಣಿ ಸದ್ದನ್ನು ತಡೆಯುವುದಿಲ್ಲ, ಹಿಂದಿನ ಬೆಂಚಿಗೆ ಪಾಠ ಕೇಳಿಸದು. ದೂಳು, ಬಾವಲಿ ಹಿಕ್ಕೆ ಬೇರೆ. ಕೆಳಗೆ ಫಿಲ್ಲರ್ ಸ್ಲ್ಯಾಬ್ (ಕೆಳಭಾಗದ ಒಂದಿಷ್ಟು ಕಾಂಕ್ರೀಟಿನ ಬದಲು ಹೆಂಚು ಇಟ್ಟು ಎರಕ ಹೊಯ್ದ ಚಾವಣಿ) ಹಾಕಿ, ಅದರ ಅಡಿಗೇ ಎರಡೂ ಉದ್ದ ಗೋಡೆಗಳಲ್ಲಿ 450 ಮಿ.ಮೀ. ಎತ್ತರದ ವೆಂಟಿಲೇಟರ್ ಬಿಡಿ. ಸ್ಲ್ಯಾಬ್‌ನಿಂದ 600-900 ಮಿ.ಮೀ. ಮೇಲೆ ತಗಡು. ತೆರಪಿನ ಬಾಯಿಗೆ 12 ಮಿ.ಮೀ. ಕಣ್ಣಿನ ಜಾಲರಿ ಕಟ್ಟಿ, ಮುಚ್ಚಬೇಡಿ. ಚೆಂದ ಕಾಣಲೆಂದು ಫೇಸಿಯಾ (ಅಂಚು ಮರೆಮಾಡುವ ಪಟ್ಟಿ) ಹೊಡೆದು ಮುಚ್ಚಿದರೆ ಎರಡನೇ ಚಾವಣಿಗೆ ಸುರಿದ ದುಡ್ಡು ದಂಡ.

ಗಾಳಿ ತಗಡನ್ನು ಎತ್ತುವುದು ಅಂಚಿನಿಂದ. ಅಲ್ಲಿ ಪ್ರತಿ ಉಬ್ಬಿಗೂ ಸ್ಕ್ರೂ ಬೇಕು, ನಡುವೆ ಒಂದು ಬಿಟ್ಟು ಒಂದಾದರೆ ಸಾಕು. ತಗಡು ಹೊರುವ ಟ್ರಸ್ಸಿನ ಬೋಲ್ಟನ್ನು ಗೋಡೆ ತಲೆಯ ಕಾಂಕ್ರೀಟ್ ಬೀಮಿನಲ್ಲೇ ಕೂರಿಸಿ. ಬರೀ ಗೋಡೆಗೆ ಹೂತರೆ ಬಿರುಗಾಳಿಗೆ ಕಿತ್ತು ಬರುತ್ತದೆ.

ಪಾಯದಪ್ಪ: ಚಾವಣಿ ಆಮೇಲೆ, ಮೊದಲು ನೆಲ ನೋಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ಮುರುಮ್ (ಕಲ್ಲುಚೂರು ಬೆರೆತ ಗಡುಸು ಮಣ್ಣು) 1.5 ಮೀಟರಿನೊಳಗೆ ಸಿಕ್ಕರೆ ಅಲ್ಲಿವರೆಗೆ ಅಗೆದು ಪಾಯ ಕೂರಿಸಿ. ಎರೆ ಆಳಕ್ಕಿದ್ದರೆ ಅಂಡರ್-ರೀಮ್ಡ್ ಪೈಲ್ (ಬುಡದ ಹತ್ತಿರ ಉಬ್ಬಿಸಿ ಎರಕ ಹೊಯ್ದ ಕಾಂಕ್ರೀಟ್ ಕಂಬ) ಹಾಕಿ, ಸಾಮಾನ್ಯವಾಗಿ ಕನಿಷ್ಠ 3.5 ಮೀ. ಆಳ. ಗೋಡೆ ಹೊರುವ ಪ್ಲಿಂತ್ ಬೀಮಿನ ಅಡಿ 75-80 ಮಿ.ಮೀ. ಖಾಲಿ ಇರಲಿ. ಅಲ್ಲಿ ಮಣ್ಣು ತುಂಬಿದರೆ ಉಬ್ಬಿದಾಗ ಬೀಮನ್ನೇ ಎತ್ತಿ, ಕಿಟಕಿ ಮೂಲೆಯಿಂದ ಓರೆ ಬಿರುಕು ಬಿಡಿಸುತ್ತದೆ. ಸುತ್ತ 1.2 ಮೀ. ಅಗಲದ ಇಳಿಜಾರು ಕಟ್ಟೆ, ಅದರಾಚೆ ಚರಂಡಿ. ಶೌಚಾಲಯವನ್ನು ತರಗತಿ ಗೋಡೆಗೆ ಅಂಟಿಸಲೇಬೇಡಿ: ಸೋರಿದ ಕಡೆ ಮಾತ್ರ ನೆಲ ಉಬ್ಬಿದರೆ ಗೋಡೆ ಉಳಿಯದು.

ಇಟ್ಟಿಗೆಗೂ ಎರೆ ಬರುವುದಿಲ್ಲ, ಜೇಡಿ ವಿಪರೀತ. ಗ್ಯಾಂಡೊದಲ್ಲಿ ಸ್ಥಳೀಯ ಮಣ್ಣಿಗೆ ಒಂದಿಷ್ಟು ಸಿಮೆಂಟ್ ಬೆರೆಸಿ ಒತ್ತಿದರು. ಇಲ್ಲಿ ಕೆಂಪು ಮಣ್ಣು, ಮರಳು ಎರಡನ್ನೂ ಲಾರಿಯಲ್ಲಿ ತರಿಸಬೇಕಾದೀತು. ಅಷ್ಟು ಮಾಡುವ ಬದಲು ಊರಿನ ಸುಣ್ಣಕಲ್ಲಿನಲ್ಲೇ 380 ಮಿ.ಮೀ. ಗೋಡೆ ಕಟ್ಟಿ. ಹೊರಗಿನ ಕಾವು ಒಳಗೆ ಮುಟ್ಟುವಷ್ಟರಲ್ಲಿ ಶಾಲೆ ಬಿಟ್ಟಿರುತ್ತದೆ. ರಾತ್ರಿ ಮಲಗುವ ಹಾಸ್ಟೆಲ್ ಆಗಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ.

ಮೂಲೆಮಟ್ಟ: ಸಾಲು ಯಾವ ದಿಕ್ಕಿಗೆ? ಮಂಡಳಿಯವರು ರಸ್ತೆಗೆ ಉದ್ದ ಮುಖವೇ ಕಾಣಬೇಕು ಅಂತಾರೆ.

ಗಾಳಿಕಿಂಡಿ: ಹಾಗೆ ಮಾಡಿದರೆ ಆರೂ ಕೊಠಡಿಗೆ ಮಧ್ಯಾಹ್ನದ ಬಿಸಿಲು ನೇರ ನುಗ್ಗುತ್ತದೆ, ಇಳಿಬಿಸಿಲಿಗೆ ಯಾವ ಸಜ್ಜವೂ ಅಡ್ಡ ಬರದು. ಉದ್ದ ಗೋಡೆಗಳ ಮುಖ ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ ಇರಲಿ. ರಸ್ತೆ ಕಡೆಯ ತುದಿಗೆ ಕಚೇರಿ, ಭಂಡಾರ, ಒಂದು ಒಳ್ಳೆ ಕಮಾನು. ಮಂಡಳಿಗೆ ಅಷ್ಟು ಸಾಕು.

ದಕ್ಷಿಣಕ್ಕೆ 2.4 ಮೀ. ಪಡಸಾಲೆ ಕೊಡಿ. ಡಿಸೆಂಬರ್ 21ರ ನಡುಹಗಲಲ್ಲಿ ನಿಮ್ಮಲ್ಲಿ ಸೂರ್ಯ ಸುಮಾರು 49 ಡಿಗ್ರಿಗೆ ಇಳಿದಿರುತ್ತಾನೆ, 600 ಮಿ.ಮೀ. ಸಜ್ಜದ ನೆರಳು 0.7 ಮೀಟರಷ್ಟೇ ಕೆಳಗಿಳಿಯುತ್ತದೆ, ಪಡಸಾಲೆಯದು 2.8 ಮೀ. ಆದರೆ ಪಡಸಾಲೆ ಬೆಳಕನ್ನೂ ತಿನ್ನುತ್ತದೆ. ಅದರ ಮಾಡನ್ನು 2.4 ಮೀ. ಎತ್ತರಕ್ಕೇ ನಿಲ್ಲಿಸಿ, ವೆಂಟಿಲೇಟರ್ ಅದರ ಮೇಲಿರಲಿ. ಕೊಠಡಿ ಎತ್ತರ 3.3 ಮೀಟರಿಗೆ ಕಡಿಮೆ ಬೇಡ.

ಕಿಟಕಿ ತಲೆ 2.1 ಮೀ. ಇದ್ದರೆ ಓದುವಷ್ಟು ಬೆಳಕು 4-5 ಮೀ. ಒಳಗೆ ಬರುತ್ತದೆ, ನಿಮ್ಮ ಕೊಠಡಿ 6 ಮೀ. ಹಾಗಾಗಿ ಉತ್ತರದ ಕಿಟಕಿಯೊಂದನ್ನೇ ನಂಬಬೇಡಿ. ಬೋರ್ಡನ್ನು ಪೂರ್ವದ ಅಡ್ಡಗೋಡೆಗೆ ಹಾಕಿದರೆ ಉತ್ತರದ ಬೆಳಕು ಮಕ್ಕಳ ಎಡಗಡೆಯಿಂದ ಬೀಳುತ್ತದೆ, ಬಲಗೈಯಲ್ಲಿ ಬರೆಯುವವರಿಗೆ ಕೈ ನೆರಳು ಅಡ್ಡ ಬರದು.

ಪಾಯದಪ್ಪ: ಪಡಸಾಲೆ ಕಂಬಕ್ಕೂ ಅದೇ ಪಾಯ ಕೊಡಿ. ತರಗತಿಗೆ ಪೈಲ್, ಕಂಬಕ್ಕೆ ಬರೀ ಗುಂಡಿ ಅಂದರೆ ಎರಡನೇ ಮಳೆಗಾಲಕ್ಕೆ ಪಡಸಾಲೆ ಮಾಡು ಗೋಡೆಯಿಂದ ಬಿಡುತ್ತದೆ. ಬೇವು, ಅರಳಿಯನ್ನು ಪಾಯದಿಂದ ದೂರ ನೆಡಿ, ಬೇರು ನೀರು ಹೀರಿದ ಕಡೆ ಎರೆ ಕುಗ್ಗುತ್ತದೆ.